ಬಾರ್ಸಿಲೋನಾ ಶಾಲೆ ಬಗ್ಗೆ ಅನುಭವ ಇದ್ದವರು ಹೇಳಿ

ಹಾಸನದವ: ಡಿಜಿಟಲ್ ನೋಮ್ಯಾಡ್ ವೀಸಾದಲ್ಲಿ (ಆನ್‌ಲೈನ್‌ನಲ್ಲೇ ದೂರದಿಂದ ಕೆಲಸ ಮಾಡುವವರಿಗೆ ಕೊಡುವ ವೀಸಾ) ಬಾರ್ಸಿಲೋನಾಗೆ ಬರುವ ಯೋಚನೆ ಇದೆ. ಮಗಳಿಗೆ 4 ವರ್ಷ. ಯಾವ ಶಾಲೆ ನೋಡಲಿ?

ಗ್ರಾಸಿಯಾ ಗೌಡ: ಶಾಲೆ ಇರಲಿ, ಮೊದಲು ಮನೆ ಸಿಗಲಿ! 2023ರ ಮನೆ ಕಾನೂನಿನಲ್ಲಿ ಏಜೆಂಟ್ ಕಮಿಷನ್ ಮಾಲೀಕನೇ ಕೊಡಬೇಕು. ಅದನ್ನು ನಂಬಿ ಹೋದೆ. ಇದು 'ತೆಂಪೊರಾದಾ', ಅಂದರೆ 11 ತಿಂಗಳ ತಾತ್ಕಾಲಿಕ ಕರಾರು, ಆ ಕಾನೂನು ಇದಕ್ಕಿಲ್ಲ ಎಂದರು ಏಜೆಂಟ್. 1,450 ಯೂರೋ ನನ್ನ ಜೇಬಿನಿಂದ ಹೋಯಿತು. ಎರಡು ತಿಂಗಳ ಡೆಪಾಸಿಟ್ ಬೇರೆ. ಬಿಡುವಾಗ ಗೋಡೆಯಲ್ಲಿ ಏಳು ಮೊಳೆ ತೂತು ಎಂದು 380 ಹಿಡಿದುಕೊಂಡರು. ತೂತಿಗೆ 54 ಯೂರೋ! ಅದರಲ್ಲಿ ಒಂದು ಗಣಪತಿ ಫೋಟೋದ್ದು. ಪಾದ್ರೋನ್ (ನಗರಸಭೆಯಲ್ಲಿ ವಿಳಾಸ ನೋಂದಣಿ) ಮಾಡಿಸಲೂ ಮಾಲೀಕ ಬಿಡಲಿಲ್ಲ.

ತುರಿಯಾ ತೀರ: ಅದಕ್ಕೇ ನಾನು ವೆಲೆನ್ಸಿಯಾ ಕಡೆ ಬಂದೆ. ಪಕ್ಕದ ಊರು ಪೈಪೋರ್ತಾದಲ್ಲಿ ಬಾಡಿಗೆ ಕಡಿಮೆ. 2024ರ ಅಕ್ಟೋಬರ್ 29ರ ಪ್ರವಾಹದ ದಿನ ಮೊಬೈಲ್ ಎಚ್ಚರಿಕೆ ಬಂದದ್ದು ರಾತ್ರಿ 8.11ಕ್ಕೆ. ಅಷ್ಟೊತ್ತಿಗೆ ನನ್ನ ಕಾರು ಗ್ಯಾರೇಜಿನಲ್ಲಿ ಮುಳುಗಿ ಆಗಿತ್ತು. ಸೆಕೆಂಡ್ ಹ್ಯಾಂಡ್, 9,200ಕ್ಕೆ ತಗೊಂಡಿದ್ದೆ. ಏಳು ತಿಂಗಳು ಅಲೆದ ಮೇಲೆ ಪರಿಹಾರವಾಗಿ ಕೈಗೆ ಬಂದದ್ದು 6,100. ಪ್ರಾಂತ್ಯದ ಮುಖ್ಯಸ್ಥ ಮಸೋನ್ ಅವತ್ತು ಮಧ್ಯಾಹ್ನ ಊಟಕ್ಕೆ ಕೂತವರು ಎದ್ದದ್ದು ಸಂಜೆ. ರಾಜೀನಾಮೆ ಘೋಷಿಸಲು ಒಂದು ವರ್ಷ. ಸ್ಪೇನಿನಲ್ಲಿ ಊಟವನ್ನು ಅವಸರದಲ್ಲಿ ಮುಗಿಸುವ ಪದ್ಧತಿ ಇಲ್ಲ.

ಗ್ರಾಸಿಯಾ ಗೌಡ: ಇಷ್ಟಾದರೂ ಬಾಡಿಗೆ ಕಡಿಮೆ ಅಂತೀರಲ್ಲ, ಮೆಚ್ಚಬೇಕು!

ತುರಿಯಾ ತೀರ: ನನ್ನ ಗೋಡೆಗೆ ಎಷ್ಟು ಮೊಳೆ ಹೊಡೆದರೂ ಕೇಳುವವರಿಲ್ಲ.

ಮ್ಯಾಡ್ರಿಡ್ ಮಾಮ: ಬಾರ್ಸಿಲೋನಾದ ಸರ್ಕಾರಿ ಶಾಲೆಯಲ್ಲಿ ಪಾಠ ಅಲ್ಲಿನ ಸ್ಥಳೀಯ ಭಾಷೆ ಕತಲಾನ್‌ನಲ್ಲಿ, ಸ್ಪ್ಯಾನಿಷ್‌ನಲ್ಲಲ್ಲ. ಇದನ್ನು ಯಾರೂ ಹೇಳಲಿಲ್ಲ. ಆ ತಲೆನೋವು ಬೇಡ ಅಂತಲೇ ನಾನು ಮ್ಯಾಡ್ರಿಡ್ ಸೇರಿದ್ದು. ಆದರೆ ಹೊರಗಿನಿಂದ ಕೆಲಸಕ್ಕೆ ಬಂದವರಿಗೆ ಬೆಕ್‌ಹ್ಯಾಮ್ ಕಾನೂನು ಕೊಡುವ 24%ರ ರಿಯಾಯಿತಿ ತೆರಿಗೆ ದರ ಕೈತಪ್ಪಿತು. ಅರ್ಜಿಗೆ ಆರು ತಿಂಗಳ ಗಡುವು, ನನ್ನದು ಒಂಬತ್ತು ದಿನ ತಡ. 600 ಯೂರೋ ತಗೊಂಡ ಲೆಕ್ಕಿಗ ಆಗಸ್ಟ್ ಪೂರ್ತಿ ಬೀಚಿನಲ್ಲಿದ್ದ. ಫೋನ್ ಮಾಡಿದರೆ 'ಸೆಪ್ಟೆಂಬರ್‌ನಲ್ಲಿ ನೋಡೋಣ' ಎಂಬ ರೆಕಾರ್ಡಿಂಗ್.

ಗ್ರಾಸಿಯಾ ಗೌಡ: ಬೆಂಗಳೂರಿಗೆ ಬಂದವರು ಕನ್ನಡ ಕಲಿಯಬೇಕು, ಇಲ್ಲಿ ಬಂದ ನಮಗೆ ಮಾತ್ರ ಕತಲಾನ್ ತಲೆನೋವು. ಅಲ್ವಾ ಮಾಮ? ನನ್ನ ಮಗ ಮಾತಾಡ್ತಾನೆ. ಮಾರ್ಕೆಟ್‌ನ ಅಜ್ಜಿ ಅವನಿಗೆ ಒಂದು ಕಿತ್ತಳೆ ಜಾಸ್ತಿ ಹಾಕ್ತಾರೆ.

ಮ್ಯಾಡ್ರಿಡ್ ಮಾಮ: ಕಿತ್ತಳೆ ತಿಂದುಕೊಂಡಿರಿ. ಪೌರತ್ವದ ಪರೀಕ್ಷೆ ಸ್ಪ್ಯಾನಿಷ್‌ನಲ್ಲೇ. ಅದಕ್ಕೂ ನಾವು 10 ವರ್ಷ ಕಾಯಬೇಕು. ಪಕ್ಕದ ಮನೆಯ ಅರ್ಜೆಂಟೀನಾದವನಿಗೆ 2 ವರ್ಷ ಸಾಕು!

ತುರಿಯಾ ತೀರ: ಅವರನ್ನು ಸ್ಪೇನ್ ಆಳಿತ್ತು, ನಮ್ಮನ್ನು ಆಳಲಿಲ್ಲ. ಅದಕ್ಕೂ ದೂರು ಕೊಡ್ತೀರಾ?

ಹಾಸನದವ: ಎಲ್ಲರಿಗೂ ಧನ್ಯವಾದ. ಆ ಶಾಲೆ ವಿಷಯ…?

ಮ್ಯಾಡ್ರಿಡ್ ಮಾಮ: ಒಂಬತ್ತು ದಿನ ಸ್ವಾಮಿ. ಬರೀ ಒಂಬತ್ತು ದಿನ.