'ಗ್ಲೋಬಲ್ ಹೆಲ್ಪರ್ ಫಂಕ್ಷನ್'ಗೆ ಏನನ್ನೋಣ?

ನಮಸ್ಕಾರ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಅಂತ ಲಾರಾವೆಲ್ (ಪಿಎಚ್‌ಪಿ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟೋಕೆ ಇರುವ ಸಿದ್ಧ ಚೌಕಟ್ಟು) ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. 'ಗ್ಲೋಬಲ್ ಹೆಲ್ಪರ್ ಫಂಕ್ಷನ್', ಅಂದರೆ ಪ್ರಾಜೆಕ್ಟಿನಲ್ಲಿ ಎಲ್ಲಿಂದ ಬೇಕಾದರೂ ಕರೆಯಬಹುದಾದ ಪುಟ್ಟ ನೆರವಿನ ಕೋಡು, ಅನ್ನೋ ಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ.

ವಿಷಯ ಇಷ್ಟೇ. ಪಿಎಚ್‌ಪಿಯ ನಂಬರ್_ಫಾರ್ಮ್ಯಾಟ್ (ಸಂಖ್ಯೆಗೆ ಅಲ್ಪವಿರಾಮ ಹಾಕಿಕೊಡುವ ಫಂಕ್ಷನ್) ಒಂದು ಲಕ್ಷವನ್ನು 100,000 ಅಂತ ಬರೆಯುತ್ತದೆ, ನಮಗೆ 1,00,000 ಬೇಕು. ಅದಕ್ಕೊಂದು ಪುಟ್ಟ ಫಂಕ್ಷನ್ ಬರೆದು 'ರೂಪಾಯಿ' ಅಂತ ಹೆಸರಿಟ್ಟೆ (ಪಿಎಚ್‌ಪಿಯಲ್ಲಿ ಹೆಸರು ಕನ್ನಡ ಲಿಪಿಯಲ್ಲೇ ಇದ್ದರೂ ನಡೆಯುತ್ತದೆ, ಗೊತ್ತಿತ್ತಾ?). ಬಿಲ್ಲು, ವರದಿ, ಮೇಲ್, ಎಲ್ಲಿಂದ ಕರೆದರೂ ಅದು ಓಗೊಡಬೇಕು. ಕ್ಲಾಸ್ (ಫಂಕ್ಷನ್‌ಗಳನ್ನು ಒಳಗಿಟ್ಟುಕೊಂಡ ಕೋಡಿನ ಕಟ್ಟು) ಆದರೆ ಕಂಪೋಸರ್ ಅನ್ನೋ ಪಿಎಚ್‌ಪಿಯ ಪ್ಯಾಕೇಜ್ ಸಾಧನ ಹೆಸರು ನೋಡಿ ತಾನೇ ಹುಡುಕಿ ತರುತ್ತದೆ, ಬಿಡಿ ಫಂಕ್ಷನ್‌ಗೆ ಆ ಭಾಗ್ಯ ಇಲ್ಲ. ಹಾಗಾಗಿ ಅಂಥವನ್ನೆಲ್ಲ ಒಂದು ಫೈಲಿಗೆ ಹಾಕಿ, ಕಂಪೋಸರ್‌ನ ಸೆಟ್ಟಿಂಗ್ ಫೈಲಾದ ಕಂಪೋಸರ್.ಜೇಸನ್‌ನಲ್ಲಿ ಆಟೋಲೋಡ್ ಕೆಳಗಿನ 'ಫೈಲ್ಸ್' ಪಟ್ಟಿಗೆ ಅದನ್ನು ಸೇರಿಸಿ, ಡಂಪ್-ಆಟೋಲೋಡ್ ಅನ್ನೋ ಕಂಪೋಸರ್ ಆದೇಶ ಓಡಿಸಬೇಕು. ಆಮೇಲೆ ಪ್ರತಿ ರಿಕ್ವೆಸ್ಟ್‌ಗೂ ಆ ಫೈಲು ಮೊದಲೇ ಬಂದು ಕೂತಿರುತ್ತದೆ.

ಈಗ ಪದ. ಜಾಗತಿಕ ಅಂದ ಕೂಡಲೇ ತಾಪಮಾನ ನೆನಪಾಗುತ್ತದೆ, ನನ್ನ ಫಂಕ್ಷನ್ನೋ ಪ್ರಾಜೆಕ್ಟಿನ ಹೊಸಿಲನ್ನೂ ದಾಟುವುದಿಲ್ಲ. ಸಾರ್ವತ್ರಿಕ ಅಂದರೆ ಚುನಾವಣೆ, ಅದೂ ಅಲ್ಲದೆ ಆ ಪದದಲ್ಲಿ ಎಲ್ಲರಿಗೂ ಅನ್ವಯಿಸುತ್ತದೆ ಅನ್ನೋ ಛಾಯೆ ಇದೆ. ಇಲ್ಲಿ ಬೇಕಾದವರು ಕರೆಯುತ್ತಾರೆ, ಬೇಡದವರು ಸುಮ್ನಿರುತ್ತಾರೆ. ನನಗೆ ಹೊಳೆದದ್ದು 'ಊರೊಟ್ಟಿನ'. ಊರೊಟ್ಟಿನ ಕೆಲಸ ಅಂತೀವಲ್ಲ, ಹಾಗೆ. ಯಾವ ಒಂದು ಮನೆಗೂ ಸೇರಿದ್ದಲ್ಲ, ಆದರೆ ಊರ ಗಡಿ ದಾಟಿದರೆ ಅದಕ್ಕೆ ಬೆಲೆ ಇಲ್ಲ. ಗ್ಲೋಬಲ್ ಅನ್ನೋದಕ್ಕೆ ಕೋಡಿನಲ್ಲಿ ಇರುವ ಅರ್ಥವೂ ಅಷ್ಟೇ ಅಲ್ವಾ?

ಹೆಲ್ಪರ್‌ಗೆ 'ಸಹಾಯಕ' ಅಂದರೆ ಪ್ರಥಮ ದರ್ಜೆಯೋ ದ್ವಿತೀಯ ದರ್ಜೆಯೋ ಅಂತ ಕೇಳ್ತಾರೆ. ಗಾರೆ ಮೇಸ್ತ್ರಿಗೆ ಇಟ್ಟಿಗೆ, ಗಾರೆ ಎತ್ತಿಕೊಡುವ 'ಕೈಯಾಳು' ಅರ್ಥಕ್ಕೆ ಸರಿಯಾಗಿ ಕೂರುತ್ತದೆ, ಆದರೆ 'ಆಳು' ಅಂತ ಬರೆಯೋಕೆ ನನಗೇ ಮುಜುಗರ. ಸದ್ಯಕ್ಕೆ 'ಕೈನೆರವು' ಅಂತ ಬರೆದಿದ್ದೇನೆ, ಒಪ್ಪಿಗೆ ಆಗಿಲ್ಲ.

ಇನ್ನೊಂದು. ಇದೇ ಹೆಸರಿನ ಫಂಕ್ಷನ್ ಬೇರೆ ಕಡೆಯಿಂದಲೂ ಬಂದರೆ 'ಕ್ಯಾನಾಟ್ ರೀಡಿಕ್ಲೇರ್' ಅಂತ ಆ್ಯಪ್ ಅಲ್ಲೇ ಮಲಗುತ್ತದೆ. ಊರಲ್ಲಿ ಇಬ್ಬರು ರಾಮಣ್ಣ ಇದ್ದರೆ ಒಬ್ಬನನ್ನು ಮೇಲಿನಮನೆ ರಾಮಣ್ಣ ಅನ್ನುತ್ತೇವೆ, ಕೋಡಿನಲ್ಲಿ ಹೆಸರಿನ ಮುಂದೆ ಗುಂಪಿನ ಹೆಸರು ಸೇರಿಸುವ ನೇಮ್‌ಸ್ಪೇಸ್ ಮಾಡೋದೂ ಅದನ್ನೇ. ಹಾಗಾದರೆ ನೇಮ್‌ಸ್ಪೇಸ್‌ಗೆ 'ಮನೆಹೆಸರು' ಅನ್ನಬಹುದಾ, ಅಥವಾ ತೀರಾ ಜಾಸ್ತಿ ಆಯ್ತಾ? ನಿಮ್ಮ ಕಡೆ ಊರೊಟ್ಟಿಗೆ ಬೇರೆ ಪದ ಇದ್ದರೆ ಅದನ್ನೂ ತಿಳಿಸಿ.