ಹಳೆಯ ಫಾರೆಸ್ಟ್ ಬಂಗಲೆಯಲ್ಲಿ ಎರಡು ರಾತ್ರಿ: ಯಾರನ್ನು ಕೇಳಬೇಕು, ಏನು ಒಯ್ಯಬೇಕು?

ಕೋಡಿಬಾಗದ ಅಕ್ಕೋರು:

ನಾವು ನಾಲ್ವರು ಗೆಳತಿಯರು, ಕಾರವಾರದ ಒಂದೇ ಕಾಲೇಜಿನಲ್ಲಿ ಓದಿದವರು. ಈಗ ಇಬ್ಬರು ಇಲ್ಲೇ ಶಾಲೆಯಲ್ಲಿ ಪಾಠ ಮಾಡುತ್ತೇವೆ, ಒಬ್ಬಳು ಹುಬ್ಬಳ್ಳಿಯಲ್ಲಿ, ಇನ್ನೊಬ್ಬಳು ಬೆಂಗಳೂರಿನಲ್ಲಿ. ಎಲ್ಲರಿಗೂ ಐವತ್ತು ದಾಟಿದೆ. ವರ್ಷಕ್ಕೊಮ್ಮೆ ಗಂಡ, ಮಕ್ಕಳು, ಅತ್ತೆ ಯಾರನ್ನೂ ಕಟ್ಟಿಕೊಳ್ಳದೆ ಸೇರುವುದು ನಮ್ಮ ರೂಢಿ. ಇಷ್ಟು ವರ್ಷ ಸೇರಿದ್ದೆಲ್ಲ ಸಮುದ್ರದ ದಂಡೆಯಲ್ಲೇ. ಕಡಲಿನ ಸದ್ದು ಹುಟ್ಟಿದಾಗಿನಿಂದ ಕೇಳಿದ್ದು, ಅದರ ಮೇಲೆ ತಕರಾರಿಲ್ಲ. ದಂಡೆಯ ಮೇಲಿನ ಧ್ವನಿವರ್ಧಕ ಸಾಕಾಗಿದೆ. ಕಳೆದ ಸಲ ಉಳಿದುಕೊಂಡ ಕಡೆ ಪಕ್ಕದ ಕೋಣೆಯವರು ರಾತ್ರಿ ಎರಡು ಗಂಟೆಯವರೆಗೆ ಹುಟ್ಟುಹಬ್ಬ ಮಾಡಿದರು. ಬೆಳಿಗ್ಗೆ ಆ ಹುಡುಗ ಎದುರಾಗುವ ಹೊತ್ತಿಗೆ ಅವನ ಹೆಸರು, ವಯಸ್ಸು ಎರಡೂ ನಮಗೆ ಬಾಯಿಪಾಠವಾಗಿದ್ದವು.

ಈ ಸಲ ಘಟ್ಟ ಹತ್ತೋಣ ಎಂದುಕೊಂಡಿದ್ದೇವೆ. ಮನಸ್ಸಿನಲ್ಲಿರುವುದು ಅರಣ್ಯ ಇಲಾಖೆಯ ಹಳೆಯ ವಿಶ್ರಾಂತಿ ಗೃಹ: ಹೆಂಚಿನ ಮಾಡು, ಅಗಲವಾದ ಜಗಲಿ, ನಾಲ್ಕು ಕುರ್ಚಿ, ಸುತ್ತ ಮರ. ಟಿ.ವಿ. ಬೇಡ, ಸಫಾರಿ ಬೇಡ. ಹುಲಿ ಕಾಣದಿದ್ದರೆ ಬೇಸರವಿಲ್ಲ, ಕಾಣದಿರುವುದೇ ಲೇಸು. ಕುಳಿತು ಮಾತನಾಡಬೇಕು, ಮಾತು ಮುಗಿದರೆ ಸುಮ್ಮನೆ ಕುಳಿತಿರಬೇಕು, ಅಷ್ಟೇ.

ಇಂಥ ಬಂಗಲೆಗಳನ್ನು ನಮ್ಮಂಥ ಸಾಮಾನ್ಯರಿಗೆ ಕೊಡುತ್ತಾರೆಯೇ, ಅಥವಾ ಯಾರಾದರೂ ದೊಡ್ಡವರಿಂದ ಫೋನು ಮಾಡಿಸಬೇಕೇ? ಊಟದ ಗತಿಯೇನು? ಹೆಂಗಸರಷ್ಟೇ ಇದ್ದರೆ ತೊಂದರೆಯಿಲ್ಲವೇ? ಒಬ್ಬಳಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ, ಮೆಟ್ಟಿಲು ಹೆಚ್ಚಿರಬಾರದು. ನವೆಂಬರ್ ಕೊನೆಗೋ, ಕ್ರಿಸ್‌ಮಸ್ ರಜೆಗೋ ಎಂಬುದೂ ತೀರ್ಮಾನವಾಗಿಲ್ಲ.

ಜೋಯಿಡಾದ ಹಕ್ಕಿ ಹುಚ್ಚ:

ಅಕ್ಕೋರೇ, ಇಲಾಖೆಯ ಬಂಗಲೆಯ ಬೆನ್ನು ಹತ್ತುವ ಬದಲು ಗಣೇಶಗುಡಿಯ ಓಲ್ಡ್ ಮ್ಯಾಗಝಿನ್ ಹೌಸ್ ವಿಚಾರಿಸಿ. ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಜಾಗ ಅದು. ಈಗ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರು ನಡೆಸುತ್ತಾರೆ. ಊಟವೂ ಅವರದೇ. ಅಂಗಳದಲ್ಲಿ ಹಕ್ಕಿಗಳಿಗೆಂದು ನೀರು ಇಟ್ಟಿರುತ್ತಾರೆ, ಕುರ್ಚಿ ಬಿಟ್ಟು ಏಳುವ ಕೆಲಸವಿಲ್ಲ. ಬರುವವರಲ್ಲಿ ಹೆಚ್ಚಿನವರು ದೊಡ್ಡ ಕ್ಯಾಮೆರಾದವರು; ಕೆಮ್ಮುವುದಕ್ಕೂ ಹೆದರುವ ಜನ. ಗದ್ದಲದ ಭಯವಿಲ್ಲ, ಆದರೆ ನೀವು ನಾಲ್ವರೂ ಒಟ್ಟಿಗೆ ನಕ್ಕರೆ ತಿರುಗಿ ನೋಡಿಯಾರು. ಕಾರವಾರದಿಂದ ಕದ್ರಾ, ಅಣಶಿ ಘಟ್ಟದ ಮೇಲೆ ಬನ್ನಿ, ದಾರಿಯೇ ಅರ್ಧ ಪ್ರವಾಸ. ವಾರಾಂತ್ಯದಲ್ಲಿ ರಾಫ್ಟಿಂಗ್ ನಡೆಯುವ ಕಡೆ ಮಾತ್ರ ಸುಳಿಯಬೇಡಿ.

ನಿವೃತ್ತ ಫಾರೆಸ್ಟರ್, ಶಿರಸಿ:

ಅಕ್ಕೋರಿಗೆ ನಮಸ್ಕಾರ. ನೌಕರಿಯಲ್ಲಿದ್ದಾಗ ಇಂಥ ಬಂಗಲೆಗಳ ಬೀಗದ ಕೈ ನನ್ನ ಕಿಸೆಯಲ್ಲಿ ಇರುತ್ತಿತ್ತು. ಹಾಗಾಗಿ ಉದ್ದವಾಗಿ ಬರೆಯುತ್ತೇನೆ, ಬೇಸರವಾದವರು ದಾಟಿಕೊಂಡು ಹೋಗಬಹುದು.

ಕೊಡುತ್ತಾರೆ. ದೊಡ್ಡವರ ಫೋನು ಬೇಕಿಲ್ಲ. ಆದರೆ ಅದು ಹೋಟೆಲಲ್ಲ, ಇಲಾಖೆಯ ಕೆಲಸಕ್ಕೆಂದು ಕಟ್ಟಿದ ಮನೆ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಕಾಲದ ಅರಣ್ಯಾಧಿಕಾರಿಗಳು ಸಾಗುವಾನಿಯ ಕಾಡು ನೋಡಲು ಕುದುರೆಯ ಮೇಲೆ ಸುತ್ತುವವರು. ಕತ್ತಲಾಗುವುದರೊಳಗೆ ತಲುಪುವಂತೆ ಅಲ್ಲಲ್ಲಿ ತಂಗುವ ಮನೆ ಬೇಕಿತ್ತು. ಹಳೆಯ ಬಂಗಲೆಗಳು ಊರಿನಿಂದ ದೂರ, ನೀರಿಗೆ ಹತ್ತಿರ ಇರುವುದು ಅದಕ್ಕೇ. ಅಡುಗೆಮನೆ ಹಿಂದೆ ಬೇರೆಯಾಗಿ ಇರುತ್ತದೆ, ಹೊಗೆ ಸಾಹೇಬರ ಮೂಗಿಗೆ ಹೋಗಬಾರದಲ್ಲ. ಇವತ್ತಿಗೂ ಕಾಡಿಗೆ ಬೆಂಕಿ ಬಿದ್ದ ದಿನ, ಕಳ್ಳ ನಾಟಾ ಹಿಡಿದ ರಾತ್ರಿ ಸಿಬ್ಬಂದಿ ಬಂದು ಬೆನ್ನು ಚಾಚುವುದು ಅಲ್ಲೇ.

ಮೊದಲು ಆ ಕಾಡು ಯಾರ ಕೈಕೆಳಗಿದೆ ಎಂದು ತಿಳಿದುಕೊಳ್ಳಿ. ಶಿರಸಿಯಲ್ಲಿ ಕೆನರಾ ವೃತ್ತದ ಕಚೇರಿ. ಅದರ ಕೆಳಗೆ ಕಾರವಾರ, ಹೊನ್ನಾವರ, ಶಿರಸಿ, ಯಲ್ಲಾಪುರ, ಹಳಿಯಾಳ ವಿಭಾಗಗಳು, ಒಂದೊಂದಕ್ಕೂ ಒಬ್ಬ ಡಿಎಫ್‌ಒ, ಅಂದರೆ ವಿಭಾಗದ ಅರಣ್ಯಾಧಿಕಾರಿ. ಅಣಶಿ, ಕುಳಗಿ ಕಡೆಯದು ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ಅಣಶಿ-ದಾಂಡೇಲಿ ಎಂದು ಘೋಷಣೆಯಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು. ಅದರ ಕಚೇರಿ ದಾಂಡೇಲಿಯಲ್ಲಿ, ನಿಯಮವೂ ಹೆಚ್ಚು ಬಿಗಿ. ಕತ್ತಲಾದ ಮೇಲೆ ಅಂಗಳ ದಾಟಬೇಡಿ ಎಂದರೆ ದಾಟುವಂತಿಲ್ಲ. ಸಂಜೆ ಹೊತ್ತು ರಸ್ತೆಯಲ್ಲಿ ನಾಲ್ಕು ಹೆಜ್ಜೆ ಅಡ್ಡಾಡುವ ಆಸೆಯಿದ್ದರೆ ಶಿರಸಿ ಅಥವಾ ಯಲ್ಲಾಪುರ ವಿಭಾಗವೇ ನಿಮಗೆ ಅನುಕೂಲ.

ಡಿಎಫ್‌ಒ ಅವರ ಹೆಸರಿಗೆ ಅರ್ಜಿ ಕೊಡಿ. ನಾಲ್ವರ ಹೆಸರು, ಗುರುತಿನ ಚೀಟಿಯ ಪ್ರತಿ, ಕಾರಿನ ನಂಬರು, ಬರುವ ಹೋಗುವ ದಿನಾಂಕ ಇರಲಿ. ಅನುಮತಿ ಪತ್ರ ಕಾಗದದ ಮೇಲೆ ಕೈಯಲ್ಲಿರಬೇಕು. ಮೊಬೈಲಿನಲ್ಲಿದೆ ಎಂದು ತೋರಿಸಲು ಗೇಟಿನ ಹತ್ತಿರ ಸಿಗ್ನಲ್ ಇರಬೇಕಲ್ಲ! ಹಿಂದಿನ ದಿನ ವಲಯ ಕಚೇರಿಗೆ ಇನ್ನೊಮ್ಮೆ ಫೋನು ಮಾಡಿ. ಕರ್ತವ್ಯದ ಮೇಲೆ ಅಧಿಕಾರಿ ಬಂದರೆ ಕೋಣೆ ಮೊದಲು ಅವರಿಗೆ. ಸರ್ಕಾರಿ ಬಂಗಲೆಗಳ ಪದ್ಧತಿಯೇ ಅದು, ಸಿಟ್ಟು ಮಾಡಿ ಪ್ರಯೋಜನವಿಲ್ಲ.

ಇನ್ನು ಊಟ. ಅಲ್ಲಿರುವವನು ಕಾವಲುಗಾರ, ಅಡುಗೆಯವನಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಂದವರು ರಾತ್ರಿ ಹತ್ತಕ್ಕೆ ಕೋಳಿಸಾರು ಕೇಳುತ್ತಾರೆ. ಇಲ್ಲವೆನ್ನಲು ಅವನಿಗೆ ಬಾಯಿ ಬರುವುದಿಲ್ಲ. ಮಲಗಿದ ಹೆಂಡತಿಯನ್ನು ಎಬ್ಬಿಸುತ್ತಾನೆ. ಮರುದಿನ ಇವರು ನೂರರ ನೋಟೊಂದನ್ನು ಮೇಜಿನ ಮೇಲಿಟ್ಟು ಉಪಕಾರ ಮಾಡಿದವರ ಹಾಗೆ ಕಾರು ಹತ್ತುತ್ತಾರೆ. ಅಂಥವರನ್ನು ಕಂಡು ಕಂಡು ನನಗೆ ಪ್ರವಾಸಿ ಎಂದರೆ ಮೈ ಉರಿಯುತ್ತಿತ್ತು. ನೀವು ಅಡುಗೆ ಮಾಡಿಕೊಡಲು ಸಾಧ್ಯವೇ ಎಂದು ಮೊದಲೇ ಕೇಳಿ, ಒಪ್ಪಿದರೆ ಆ ಹೆಂಗಸಿನ ಜೊತೆಗೇ ಕೂಲಿ ಮಾತನಾಡಿ, ಸಾಮಾನೆಲ್ಲ ನೀವೇ ಒಯ್ಯಿರಿ. ಅವರ ಮನೆಯ ಊಟಕ್ಕೂ ಆಗುವಷ್ಟು ಒಯ್ಯಿರಿ. ಅಷ್ಟಾದರೆ ಎರಡನೆಯ ದಿನ ಕೇಳದೆಯೇ ಅಪ್ಪೆಹುಳಿ ಬಂದೀತು, ಹಲಸಿನ ಹಪ್ಪಳವೂ ಬಂದೀತು.

ನೀರಿನ ವಿಷಯ ಯಾರೂ ಹೇಳುವುದಿಲ್ಲ. ಘಟ್ಟದ ಮೇಲೆ ಎಷ್ಟೋ ಕಡೆ ಮೋಟಾರಿಲ್ಲ, ಗುಡ್ಡದ ಮೇಲಿನ ಅಬ್ಬಿಯಿಂದ (ಝರಿಯಿಂದ) ಕರಿ ಪೈಪಿನಲ್ಲಿ ತಾನಾಗಿಯೇ ಇಳಿದು ಬರುವ ನೀರು. ಪೈಪಿನ ಬಾಯಿಗೆ ಒಂದು ತರಗೆಲೆ ಕಚ್ಚಿಕೊಂಡರೆ ಅಥವಾ ಏಡಿಯೊಂದು ಒಳಗೆ ಹೊಕ್ಕರೆ ನಲ್ಲಿ ಮೊದಲು ಗೊರಗೊರ ಎನ್ನುತ್ತದೆ, ಆಮೇಲೆ ಎಳೆಯಾಗಿ ಸಣ್ಣಗೆ ಬಂದು ನಿಂತುಬಿಡುತ್ತದೆ. ಕಾವಲುಗಾರ ಕತ್ತಿ ಹಿಡಿದು ಗುಡ್ಡ ಹತ್ತಿ, ಪೈಪು ಬಿಚ್ಚಿ, ಬಾಯಿಂದ ಊದಿ, ಮತ್ತೆ ಕಟ್ಟಿ ಬರಬೇಕು. ಗೊರಗೊರ ಕೇಳಿದ ಕೂಡಲೇ ಒಂದು ಬಕೆಟ್ ತುಂಬಿಸಿಟ್ಟುಕೊಳ್ಳಿ. ಸ್ನಾನಕ್ಕೆ ಬಚ್ಚಲ ಒಲೆ, ಹಂಡೆ. ಒಬ್ಬರಾದ ಮೇಲೆ ಒಬ್ಬರು ಮೀಯಬೇಕು, ನಾಲ್ವರಿಗೂ ಒಮ್ಮೆಗೇ ಬಿಸಿನೀರು ಸಿಗುವುದಿಲ್ಲ.

ಹೆಂಗಸರಷ್ಟೇ ಇರುವುದಕ್ಕೆ ಅಂಜಬೇಡಿ. ಕಾವಲುಗಾರನ ಸಂಸಾರ ಹಿಂದೆಯೇ ಇರುವ ಬಂಗಲೆಯನ್ನು ಆರಿಸಿಕೊಳ್ಳಿ, ಅರ್ಜಿ ಕೊಡುವಾಗಲೇ ಕೇಳಿದರೆ ಹೇಳುತ್ತಾರೆ. ಹೆಂಚಿನ ಮಾಡಿನಲ್ಲಿ ರಾತ್ರಿ ಓಡಾಡುವುದು ಇಲಿ ಅಥವಾ ಬಾವಲಿ, ಕಳ್ಳನಲ್ಲ. ಅಂಗಳದಲ್ಲಿ ಬೆಂಕಿ ಹಾಕಿ ಕುಳಿತುಕೊಳ್ಳುವ ಆಸೆ ಇಟ್ಟುಕೊಳ್ಳಬೇಡಿ, ಒಂದು ಕಿಡಿಗೆ ಎಷ್ಟು ಎಕರೆ ಹೋಗುತ್ತದೆ ಎಂಬುದು ಹಸಿ ಸೊಪ್ಪು ಹಿಡಿದು ಬಡಿದವರಿಗೆ ಗೊತ್ತು.

ಒಳಗೆ ಹೋದ ಕೂಡಲೇ ರಿಜಿಸ್ಟರು ಬರೆಸುತ್ತಾರೆ. ಅದರಲ್ಲಿ 'ಉದ್ದೇಶ' ಎಂಬ ಕಲಮು ಇರುತ್ತದೆ. ನಮ್ಮವರೆಲ್ಲ ಪುಟಗಟ್ಟಲೆ 'ಕರ್ತವ್ಯ', 'ಕರ್ತವ್ಯ' ಎಂದೇ ಬರೆದಿರುತ್ತಾರೆ. ನೀವು ಧೈರ್ಯವಾಗಿ 'ವಿಶ್ರಾಂತಿ' ಎಂದು ಬರೆಯಿರಿ, ಹೆಸರಿಗೆ ತಕ್ಕ ಹಾಗೆ ಆ ಮನೆಯನ್ನು ಯಾರಾದರೂ ಬಳಸಲಿ.

ಸಿದ್ದಾಪುರದ ತೋಟಿಗ:

ಫಾರೆಸ್ಟರ್ ಸಾಹೇಬರು 'ಕೋಣೆ ಮೊದಲು ಅಧಿಕಾರಿಗೆ' ಎಂದು ಒಂದೇ ಸಾಲಿನಲ್ಲಿ ಮುಗಿಸಿದರು. ಅನುಭವಿಸಿದವರನ್ನು ಕೇಳಿ! ನಮ್ಮ ನೆಂಟರೊಬ್ಬರು ಅನುಮತಿ ಪತ್ರ ಹಿಡಿದು ಸಂಜೆ ಬಂಗಲೆಗೆ ಹೋದರೆ ಒಳಗೆ ಆಗಲೇ ಯಾರದೋ ಷರಟು ಒಣಗುತ್ತಿತ್ತು. ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ನಮ್ಮ ಮನೆಗೆ ಬಂದು ಮಲಗಿದರು. ಆದ್ದರಿಂದ ಅಕ್ಕೋರೇ, ಹತ್ತಿರದಲ್ಲಿ ಒಂದು ಹೋಂಸ್ಟೇಯವರ ಫೋನ್ ನಂಬರು ಇಟ್ಟುಕೊಂಡೇ ಹೊರಡಿ.

ಕಾಲದ ಬಗ್ಗೆ ನನ್ನ ಮಾತು ಕೇಳುವುದಾದರೆ ನವೆಂಬರ್. ಕ್ರಿಸ್‌ಮಸ್ ವೇಳೆಗೆ ಬೆಂಗಳೂರೇ ಇತ್ತ ಬಂದಿರುತ್ತದೆ, ನಿಮ್ಮ ಗೆಳತಿ ಅಲ್ಲೇ ಉಳಿದರೆ ಅವಳಿಗೇ ಹೆಚ್ಚು ಮೌನ ಸಿಕ್ಕೀತು. ಇನ್ನೊಂದು ಕಾರಣ ಮಂಗನ ಕಾಯಿಲೆ. 1957ರಲ್ಲಿ ಇದು ಮೊದಲು ಪತ್ತೆಯಾದ ಕ್ಯಾಸನೂರು ಕಾಡು ನಮ್ಮ ಪಕ್ಕದ ಸೊರಬ ತಾಲ್ಲೂಕಿನದು, ನಮ್ಮಲ್ಲೂ ಜೀವ ತೆಗೆದಿದೆ. ಹರಡುವುದು ಉಣುಗಿನಿಂದ (ಉಣ್ಣೆ ಹುಳದಿಂದ), ಡಿಸೆಂಬರಿನಿಂದ ಮಳೆ ಬೀಳುವವರೆಗೆ ಅದರ ಹಾವಳಿ. ಮಳೆಗಾಲದ ಉಂಬಳ (ಜಿಗಣೆ) ಕಚ್ಚಿದರೆ ನಾಲ್ಕು ಹನಿ ರಕ್ತ ಹೋಗುತ್ತದೆ, ಸುಣ್ಣ ಮುಟ್ಟಿಸಿದರೆ ಬಿಡುತ್ತದೆ, ಅಷ್ಟೇ. ಉಣುಗು ಹಾಗಲ್ಲ, ಕೆಲವು ಎಷ್ಟು ಸಣ್ಣವೆಂದರೆ ಕಚ್ಚಿದ್ದೇ ತಿಳಿಯುವುದಿಲ್ಲ. ಯಾವ ತಿಂಗಳಾದರೂ ತುಂಬು ತೋಳಿನ ಬಟ್ಟೆ ಹಾಕಿಕೊಳ್ಳಿ, ತರಗೆಲೆಯ ಮೇಲೆ ಕುಳಿತುಕೊಳ್ಳಬೇಡಿ, ತಿರುಗಿ ಬಂದ ಮೇಲೆ ಬಿಸಿನೀರಿನಲ್ಲಿ ಮೈ ತಿಕ್ಕಿ ಸ್ನಾನ ಮಾಡಿ. ಉಣುಗು ಹತ್ತದಂತೆ ಮೈಗೆ ಹಚ್ಚಲು ಆಶಾ ಕಾರ್ಯಕರ್ತೆಯರು ಡೇಪಾ ಎಣ್ಣೆ ಕೊಡುತ್ತಾರೆ, ಕೇಳಿ ಪಡೆದುಕೊಳ್ಳಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ಮೊಣಕಾಲಿನವರನ್ನು ಉಂಚಳ್ಳಿಗೆ ಕರೆದುಕೊಂಡು ಹೋಗಬೇಡಿ. 116 ಮೀಟರಿನ ಜಲಪಾತ, ನವೆಂಬರಿನಲ್ಲಿ ನೀರೂ ಇರುತ್ತದೆ, ಆದರೆ ನೋಡಲು ಮೆಟ್ಟಿಲು ಇಳಿಯಬೇಕು, ಇಳಿದದ್ದನ್ನು ಹತ್ತಬೇಕು. ಯಲ್ಲಾಪುರದ ಕಡೆ ಉಳಿದರೆ ಕವಡಿಕೆರೆಯ ದಂಡೆಯವರೆಗೆ ಕಾರೇ ಹೋಗುತ್ತದೆ.

ಕೋಡಿಬಾಗದ ಅಕ್ಕೋರು:

ಎಲ್ಲರಿಗೂ ಧನ್ಯವಾದ. ಮೂವರಿಗೂ ಓದಿ ಹೇಳಿದೆ. ನವೆಂಬರ್ ಕೊನೆ ಎಂದಾಯಿತು, ಅಂಕೋಲೆ, ಅರಬೈಲು ಘಟ್ಟದ ಮೇಲೆ ಯಲ್ಲಾಪುರದ ಕಡೆಗೆ. ಹಕ್ಕಿ ನೋಡುವವರ ನಡುವೆ ನಾವು ಬಾಳುವವರಲ್ಲ, ನಮ್ಮ ಹುಬ್ಬಳ್ಳಿಯವಳ ನಗೆಯನ್ನು ನೀವು ಕೇಳಿಲ್ಲ. ಹೋಂಸ್ಟೇ ನಂಬರನ್ನೂ ಬರೆದಿಟ್ಟುಕೊಳ್ಳುತ್ತೇನೆ.

ಒಂದು ಕೊನೆಯ ಪ್ರಶ್ನೆ, ಕೇಳಲು ಸಂಕೋಚ. ನಾವು ಕಾರವಾರದವರು, ಎರಡು ದಿನ ಮೀನಿಲ್ಲದೆ ಊಟವೆಂದರೆ ಇಬ್ಬರ ಮುಖ ನೋಡಲಾಗುವುದಿಲ್ಲ. ಐಸ್ ಹಾಕಿ ಬಂಗಡೆ ತಂದರೆ ಆಕ್ಷೇಪವಿದೆಯೇ?

ನಿವೃತ್ತ ಫಾರೆಸ್ಟರ್, ಶಿರಸಿ:

ಸಂಕೋಚವೇಕೆ? ತಿನ್ನುವುದಕ್ಕೆ ಅಡ್ಡಿಯಿಲ್ಲ, ಆದರೆ ಅಡುಗೆ ಮಾಡುವ ಹೆಂಗಸು ಮೀನು ಮುಟ್ಟುವವಳೇ ಎಂದು ಮೊದಲು ಕೇಳಿ. ಅಲ್ಲವಾದರೆ ಪಾತ್ರೆ ನಿಮ್ಮದೇ ಇರಲಿ. ಹಸಿ ಮೀನು ತರಬೇಡಿ. ಅಲ್ಲಿ ಫ್ರಿಜ್ ಇರುವ ನಂಬಿಕೆಯಿಲ್ಲ, ತೊಳೆದ ನೀರು, ತಲೆ, ಕರುಳು ಹಿತ್ತಿಲಿಗೆ ಬಿದ್ದರೆ ರಾತ್ರಿ ಹಂದಿ ಬರುತ್ತದೆ, ಆಮೇಲೆ ನಿಮ್ಮ ಹುಬ್ಬಳ್ಳಿಯವರು ನಗುವುದಿಲ್ಲ. ಒಣ ಸೀಗಡಿ ತನ್ನಿ, ಕಾಯಿ ತುರಿದು ಚಟ್ನಿ ಮಾಡಿಕೊಳ್ಳಿ. ಹಸಿಯದೇ ಬೇಕೆಂದರೆ ಕರಾವಳಿಯಿಂದ ಬೆಳಿಗ್ಗೆ ಬೈಕಿನ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ಘಟ್ಟ ಹತ್ತಿ ಬರುವವರಿದ್ದಾರೆ, ಆ ದಿನದ ಮಟ್ಟಿಗೆ ಕೊಂಡು ಆ ದಿನವೇ ಮುಗಿಸಿ. ಅವರು ಹೇಳುವ ದರ ಕೇಳಿ ಕಾರವಾರದವರು ಜಗಳಕ್ಕೆ ನಿಲ್ಲಬಾರದು.

ಅರ್ಜಿಯನ್ನು ಕೈಯಲ್ಲೇ ಬರೆದರೆ ಸಾಕು, ಅಕ್ಕೋರುಗಳ ಅಕ್ಷರ ಚೆನ್ನಾಗಿರುತ್ತದೆ. ಫೋನ್ ನಂಬರು ಮಾತ್ರ ಮರೆಯದೆ ಬರೆಯಿರಿ.