ವಿಎಂಗೆ (ವರ್ಚುವಲ್ ಮಷೀನ್‌ಗೆ) ಸೇರಿಸಿದ ಡಿಸ್ಕ್‌ನ ಹೆಸರು ಬದಲಾಗುತ್ತಿದೆ, ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಪ್ರಶ್ನೆ

ಆಫೀಸಿನ ಕೆವಿಎಂ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ವ್ಯವಸ್ಥೆ) ಸರ್ವರ್‌ನಲ್ಲಿ ಒಂದು ಉಬುಂಟು ವಿಎಂ ಇದೆ. ಅದಕ್ಕೆ ವಿಡಿಬಿ, ವಿಡಿಸಿ ಅಂತ ಹೆಸರು ಕೊಟ್ಟು ಎರಡು ಡಿಸ್ಕ್ ಸೇರಿಸಿದ್ದೆವು. ವಿಡಿಬಿ ಬೇಡವಾಯಿತು, ತೆಗೆದೆವು. ಬೂಟ್ ಆಗುವಾಗ ಯಾವ ಡಿಸ್ಕನ್ನು ಯಾವ ಫೋಲ್ಡರ್‌ಗೆ ಜೋಡಿಸಬೇಕು (ಮೌಂಟ್) ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿದ್ದ ಅದರ ಸಾಲನ್ನೂ ಅಳಿಸಿದೆವು. ಮುಂದಿನ ರೀಬೂಟ್‌ನಲ್ಲಿ ವಿಡಿಸಿ ಇದ್ದದ್ದು ವಿಡಿಬಿ ಆಗಿ ಕೂತಿದೆ, ವಿಎಂ ಪೂರ್ತಿ ಏಳದೆ ಎಮರ್ಜೆನ್ಸಿ ಮೋಡ್‌ಗೆ ಹೋಗಿದೆ. ಇದೇ ಸೆಟಪ್ಪನ್ನು ಮುಂದೆ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ಗೆ ಒಯ್ಯಬೇಕು. ಅಲ್ಲಾದರೂ ಕೊಟ್ಟ ಹೆಸರು ಉಳಿಯುತ್ತಾ? ಬಳಸಿ ನೋಡಿದವರು ಹೇಳಿ.

ಕೆವಿಎಂ ನೋಡಿಕೊಳ್ಳುವವರೊಬ್ಬರು

ಎಲ್ಲೂ ಉಳಿಯುವುದಿಲ್ಲ ಸರ್. ಕೆವಿಎಂನ ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನ ಎಕ್ಸ್‌ಎಂಎಲ್ ಫೈಲ್‌ನಲ್ಲಿ ನಾವು ಬರೆಯುವ ವಿಡಿಬಿ ಬರೀ ಕ್ರಮದ ಸೂಚನೆ ಅಂತ ಅದರ ಡಾಕ್ಯುಮೆಂಟೇಶನ್ನೇ ಹೇಳುತ್ತದೆ. ಒಳಗಿನ ಕರ್ನಲ್‌ಗೆ ಆ ಹೆಸರು ತಲುಪುವುದೇ ಇಲ್ಲ. ಪಿಸಿಐ ಬಸ್‌ನಲ್ಲಿ ಮೊದಲು ಸಿಕ್ಕಿದ್ದು ವಿಡಿಎ, ಆಮೇಲಿನದು ವಿಡಿಬಿ, ಅಷ್ಟೇ. ಮಧ್ಯದ್ದು ಹೋದರೆ ಹಿಂದಿನದು ಮುಂದಕ್ಕೆ ಬರುತ್ತದೆ. ನಿಮಗೆ ಆಗಿದ್ದೂ ಅದೇ.

ಎಫ್‌ಎಸ್‌ಟ್ಯಾಬ್‌ನಲ್ಲಿ ಹೆಸರಿನ ಬದಲು ಯುಯುಐಡಿ, ಅಂದರೆ ಫೈಲ್‌ಸಿಸ್ಟಮ್‌ನ ಗುರುತಿನ ಸಂಖ್ಯೆ, ಹಾಕಿ. ಬಿಎಲ್‌ಕೆಐಡಿ ಕಮಾಂಡ್ ಕೊಟ್ಟರೆ ಸಿಗುತ್ತದೆ. ಜೊತೆಗೆ ನೋಫೇಲ್ ಆಪ್ಷನ್ ಸೇರಿಸಿ. ಇಲ್ಲದಿದ್ದರೆ, ಬೂಟ್ ನಡೆಸುವ ಸಿಸ್ಟಮ್‌ಡಿ ಆ ಡಿಸ್ಕ್‌ಗಾಗಿ 90 ಸೆಕೆಂಡ್ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ.

ಡೇಟಾಬೇಸ್ ಕಡೆಯವರು

ನೋಫೇಲ್ ಸುಮ್ನೆ ಹಾಕಬೇಡಿ, ಅದರಲ್ಲೊಂದು ಅಪಾಯ ಇದೆ. ಡಿಸ್ಕ್ ಬರದಿದ್ದರೂ ವಿಎಂ ಏನೂ ಆಗದವರ ಹಾಗೆ ಮೇಲೇಳುತ್ತದೆ. ಡೇಟಾಬೇಸ್ ಶುರುವಾಗಿ, ಮೌಂಟ್ ಆಗದ ಖಾಲಿ ಫೋಲ್ಡರ್‌ನಲ್ಲಿ, ಅಂದರೆ ರೂಟ್ ಡಿಸ್ಕ್ ಮೇಲೆಯೇ ಬರೆಯುತ್ತಾ ಹೋಗಬಹುದು. ಆಮೇಲೆ ನಿಜವಾದ ಡಿಸ್ಕ್ ಮೌಂಟ್ ಮಾಡಿದಾಗ ಅಷ್ಟೂ ಡೇಟಾ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಹುಡುಕುವವರಿಗೆ ತಲೆ ಕೆಡುತ್ತದೆ. ಸರ್ವಿಸ್ ಫೈಲ್‌ನಲ್ಲಿ ರಿಕ್ವೈರ್ಸ್‌ಮೌಂಟ್ಸ್‌ಫಾರ್ ಅಂತ ಆ ದಾರಿಯನ್ನು ಬರೆದುಬಿಡಿ. ಮೌಂಟ್ ಆಗದಿದ್ದರೆ ಸರ್ವಿಸ್ ಏಳುವುದೇ ಇಲ್ಲ.

ಓಪನ್‌ಸ್ಟ್ಯಾಕ್ (ಸ್ವಂತ ಕ್ಲೌಡ್ ಕಟ್ಟುವ ಸಾಫ್ಟ್‌ವೇರ್) ಬಳಸುವವರು

ಯುಯುಐಡಿ ಸರಿ, ಆದರೆ ಹೊಸ ಖಾಲಿ ಡಿಸ್ಕ್‌ಗೆ ಯುಯುಐಡಿ ಎಲ್ಲಿಂದ ಬರಬೇಕು? ಫಾರ್ಮ್ಯಾಟ್ ಆದ ಮೇಲೆ ತಾನೇ ಅದು ಹುಟ್ಟುವುದು. ಯಾವುದನ್ನು ಫಾರ್ಮ್ಯಾಟ್ ಮಾಡಬೇಕು ಅನ್ನುವ ಹೊತ್ತಿಗೆ ಬೇಕಾದದ್ದು ಸೀರಿಯಲ್, ಅಂದರೆ ಡಿಸ್ಕ್‌ಗೇ ಅಂಟಿಸಿದ ಗುರುತು. ಲಿಬ್‌ವರ್ಟ್‌ನ ವರ್ಷ್ ಅಟ್ಯಾಚ್-ಡಿಸ್ಕ್ ಕಮಾಂಡ್‌ಗೆ ಸೀರಿಯಲ್ ಅಂತ ಒಂದು ಆಪ್ಷನ್ ಇದೆ. ಅಲ್ಲಿ 'ಡಿಬಿ-ಡೇಟಾ' ಅಂತ ಕೊಟ್ಟರೆ ವಿಎಂ ಒಳಗೆ /ಡೆವ್/ಡಿಸ್ಕ್/ಬೈ-ಐಡಿ ಫೋಲ್ಡರ್‌ನಲ್ಲಿ 'ವರ್ಟಿಯೋ-ಡಿಬಿ-ಡೇಟಾ' ಅಂತ ಕಾಣುತ್ತದೆ. ವಿಡಿಬಿ ಥರದ ವರ್ಟಿಯೋ ಬ್ಲಾಕ್ ಡಿಸ್ಕ್‌ನ ಸೀರಿಯಲ್‌ಗೆ 20 ಅಕ್ಷರದ ಮಿತಿ ಇದೆ, ಉದ್ದ ಹೆಸರು ಬೇಡ. ಓಪನ್‌ಸ್ಟ್ಯಾಕ್‌ನಲ್ಲಿ ವಾಲ್ಯೂಮ್ (ಡಿಸ್ಕ್) ಐಡಿಯ ಮೊದಲ 20 ಅಕ್ಷರ ಕಾಣುವುದೂ ಇದಕ್ಕೇ.

ಅಂದಹಾಗೆ, 2015ರ ಲಿಬರ್ಟಿ ಆವೃತ್ತಿಯಿಂದ, ಓಪನ್‌ಸ್ಟ್ಯಾಕ್‌ನಲ್ಲಿ ವಿಎಂ ನಡೆಸುವ ನೋವಾದ ಲಿಬ್‌ವರ್ಟ್ ಡ್ರೈವರ್ ನಾವು ಕೊಡುವ ಡಿಸ್ಕ್ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಳ್ಳೆಯದೇ ಆಯಿತು ಅನ್ನುತ್ತೇನೆ.

ಎಡಬ್ಲ್ಯೂಎಸ್ ಕೆಲಸದವರು

ಎಡಬ್ಲ್ಯೂಎಸ್‌ನಲ್ಲಿ ಎಸ್‌ಡಿಎಫ್ ಅಂತ ಕೊಟ್ಟರೆ ಹಳೆಯ ಝೆನ್ ಯಂತ್ರಗಳಲ್ಲಿ ಎಕ್ಸ್‌ವಿಡಿಎಫ್ ಅಂತ ಕಾಣುತ್ತಿತ್ತು. ಕೊನೆಯ ಅಕ್ಷರವಾದರೂ ಒಂದೇ ಇತ್ತು. ಈಗಿನ ನೈಟ್ರೋ ಯಂತ್ರಗಳಲ್ಲಿ ಬರುವುದು ಎನ್‌ವಿಎಂಇ1ಎನ್1 ಥರದ ಹೆಸರು. ಡಿಸ್ಕ್‌ಗಳು ಉತ್ತರ ಕೊಟ್ಟ ಕ್ರಮದಲ್ಲಿ ಸಂಖ್ಯೆ ಸಿಗುತ್ತದೆ. ರೀಬೂಟ್ ಆದರೆ ಅದೂ ಬದಲಾಗಬಹುದು.

ಸಮಾಧಾನದ ಸಂಗತಿ ಅಂದರೆ ವಾಲ್ಯೂಮ್ ಐಡಿಯೇ ಅಲ್ಲಿ ಸೀರಿಯಲ್ ನಂಬರ್. ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ಗೆ ಸೀರಿಯಲ್ ಕಾಲಂ ಕೇಳಿದರೆ ತೋರಿಸುತ್ತದೆ. ಸ್ಕ್ರಿಪ್ಟ್ ಬರೆಯುವವರಿಗೆ ಒಂದು ಮಾತು: ಕನ್ಸೋಲ್‌ನಲ್ಲಿ 'ವಾಲ್' ಆದ ಮೇಲೆ ಒಂದು ಅಡ್ಡಗೆರೆ ಇರುತ್ತದೆ, ಸೀರಿಯಲ್‌ನಲ್ಲಿ ಇರುವುದಿಲ್ಲ. ಅದನ್ನು ತೆಗೆದು ಹೋಲಿಸಿ. ಅಮೆಜಾನ್ ಲಿನಕ್ಸ್ ಆದರೆ ಡಿಸ್ಕ್‌ಗಳಿಗೆ ಹೆಸರಿಡುವ ಯುಡೆವ್‌ನ ನಿಯಮವೇ ಎಸ್‌ಡಿಎಫ್ ಹೆಸರಿನ ಲಿಂಕ್ ಮಾಡಿಕೊಡುತ್ತದೆ.

ಬ್ಯಾಕಪ್ ನೋಡಿಕೊಳ್ಳುವವರು

ಯುಯುಐಡಿ ಹಾಕಿ ನೆಮ್ಮದಿಯಾಗಿ ಕೂರುವ ಹಾಗೂ ಇಲ್ಲ. ಸ್ನ್ಯಾಪ್‌ಶಾಟ್‌ನಿಂದ (ಡಿಸ್ಕ್‌ನ ಒಂದು ಕ್ಷಣದ ನಕಲಿನಿಂದ) ಮಾಡಿದ ಡಿಸ್ಕ್‌ನ ಯುಯುಐಡಿ ಮೂಲದ್ದೇ ಆಗಿರುತ್ತದೆ. ಎರಡನ್ನೂ ಒಂದೇ ವಿಎಂಗೆ ಸೇರಿಸಿದರೆ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಎರಡನೆಯದನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ. ಫೈಲ್ ನೋಡಿ ವಾಪಸ್ ತೆಗೆಯುವುದಾದರೆ ನೋಯುಯುಐಡಿ ಆಪ್ಷನ್ ಸಾಕು. ಇಟ್ಟುಕೊಳ್ಳುವುದಾದರೆ ಎಕ್ಸ್‌ಎಫ್‌ಎಸ್_ಅಡ್ಮಿನ್‌ನಿಂದ ಹೊಸ ಯುಯುಐಡಿ ಕೊಡಿ. ಎಕ್ಸ್‌ಟಿ4 ಫೈಲ್‌ಸಿಸ್ಟಮ್ ಆದರೆ ಟ್ಯೂನ್2ಎಫ್‌ಎಸ್‌ನಿಂದ.

ಜಾಸ್ತಿ ಅಪಾಯ ಇರುವುದು ರಿಪೇರಿಗೆಂದು ಬೇರೆ ವಿಎಂನ ರೂಟ್ ಡಿಸ್ಕ್ ತಂದು ಸೇರಿಸಿದಾಗ. ಎರಡೂ ಒಂದೇ ಇಮೇಜ್‌ನಿಂದ ಹುಟ್ಟಿದ್ದರೆ ಮುಂದಿನ ಬೂಟ್‌ನಲ್ಲಿ ಯಾವ ರೂಟ್ ಮೇಲೇಳುತ್ತದೋ ಹೇಳಲಾಗದು. ಕೆಲಸ ಮುಗಿದ ಕೂಡಲೇ ಅದನ್ನು ಬಿಚ್ಚಿ.

ಕೇಳಿದವರು

ತುಂಬಾ ಉಪಕಾರವಾಯಿತು. ಯುಯುಐಡಿ ಹಾಕಿದೆ, ವಿಎಂ ಮೇಲೆದ್ದಿದೆ. ಇನ್ನೊಂದು ಇದೆ. ಹೊಸ ವಿಎಂ ಮಾಡುವ ನಮ್ಮ ಸ್ಕ್ರಿಪ್ಟ್‌ನಲ್ಲಿ ವಿಡಿಬಿಯನ್ನು ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡುವ ಸಾಲಿದೆ. ಹಳೆಯ ಡೇಟಾ ಇದ್ದರೆ ಅಳಿಸಲಾ ಅಂತ ಆ ಕಮಾಂಡೇ ಕೇಳುತ್ತದೆ ಅಲ್ವಾ?

ಕೆವಿಎಂ ನೋಡಿಕೊಳ್ಳುವವರೊಬ್ಬರು

ಟರ್ಮಿನಲ್‌ನಲ್ಲಿ ಕೂತು ಕೊಟ್ಟರೆ ಕೇಳುತ್ತದೆ. ಸ್ಕ್ರಿಪ್ಟ್‌ನಿಂದ, ಟರ್ಮಿನಲ್ ಇಲ್ಲದೆ ಓಡಿದರೆ ಹಳೆಯ ಫೈಲ್‌ಸಿಸ್ಟಮ್ ಇದೆಯಾ ಅಂತ ನೋಡುವುದೇ ಇಲ್ಲ, ನೇರವಾಗಿ ಅಳಿಸುತ್ತದೆ. ಎಕ್ಸ್‌ಎಫ್‌ಎಸ್‌ನ ಫಾರ್ಮ್ಯಾಟ್ ಕಮಾಂಡ್ ಹಾಗಲ್ಲ, ಎಫ್ ಆಪ್ಷನ್ ಕೊಡದೆ ಮುಟ್ಟುವುದಿಲ್ಲ. ಆ ಸಾಲನ್ನು ಇವತ್ತೇ ಬದಲಿಸಿ. ಡಿಸ್ಕನ್ನು ಸೀರಿಯಲ್‌ನಿಂದ ಹುಡುಕಿ, ಬಿಎಲ್‌ಕೆಐಡಿ ಏನಾದರೂ ತೋರಿಸಿದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ.